ಬರಿಹೊಟ್ಟೆಯ ಸೋಮವಾರ

ಇಂದು ಬೆಳಿಗ್ಗೆ ನಿಂಬೆಹೋಳಿಗೆ ಕಲ್ಲುಪ್ಪು ಬೆರೆಸಿ ಜಾಡಿಗೆ ತುಂಬುತ್ತಿದ್ದಾಗ ನಾದಿನಿ ವನಜ ನೆನಪಾದಳು. ಒಂದು ಕಾಲಕ್ಕೆ ಇಂಥ ಜಾಡಿಯನ್ನು ಅವಳಿಂದ ಬಚ್ಚಿಡಬೇಕಾಗುತ್ತಿತ್ತು. ಅನ್ನ ಬೇಡವೆನ್ನುವವಳು ಉಪ್ಪಿನ ಹರಳನ್ನು ಕಲ್ಲುಸಕ್ಕರೆಯ ಹಾಗೆ ಚೀಪುವುದನ್ನು ಕಂಡಿದ್ದರೆ ನೀವೂ ನಗುತ್ತಿದ್ದಿರಿ. ನಾವಂತೂ ನಕ್ಕೆವು.

ಅವಳ ಮನೆ ವಿಜಯವಾಡದಲ್ಲಿ. ನಮ್ಮದು ವಿಶಾಖಪಟ್ಟಣದ ಕಾರ್ಖಾನೆ ಕ್ವಾರ್ಟರ್ಸ್. ಬಂದಾಗಲೆಲ್ಲ ಇನ್ನಷ್ಟು ಸೊರಗಿ, ಇನ್ನಷ್ಟು ಕಪ್ಪಾಗಿರುತ್ತಿದ್ದಳು. "ವಿಜಯವಾಡದ ಬಿಸಿಲು ಕಣೇ, ಛತ್ರಿ ಹಿಡ್ಕೊ" ಎಂದು ಮುಖಕ್ಕೆ ಹಚ್ಚಿಕೊಳ್ಳಲು ಕಡಲೆಹಿಟ್ಟು ಕಲಸಿಕೊಡುತ್ತಿದ್ದೆ. ಕಡಲೆಹಿಟ್ಟಿನ ಮೇಲೆ ನನಗಿರುವ ನಂಬಿಕೆ ದೊಡ್ಡದು. ಆದರೆ ಬಿಸಿಲು ಒಸಡನ್ನು ಕಪ್ಪಾಗಿಸುವುದಿಲ್ಲವೆಂದು ಗಮನಿಸಿದ್ದು ಇಲ್ಲಿನ ಡಾಕ್ಟರಮ್ಮ. ರಕ್ತಪರೀಕ್ಷೆ ಮಾಡಿಸಿ ಹೇಳಿದರು: ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಎರಡು ಪುಟ್ಟ ಗ್ರಂಥಿಗಳು ಕೆಲಸ ಬಿಟ್ಟಿವೆ. ಮೈಯಲ್ಲಿ ಉಪ್ಪು ನಿಲ್ಲುವುದಕ್ಕೆ, ಬಿ.ಪಿ. ಬೀಳದಿರುವುದಕ್ಕೆ ಬೇಕಾದ ಹಾರ್ಮೋನು ಅಲ್ಲಿಂದ ಬರಬೇಕು. ಬಾರದಿದ್ದರೆ ಮಾತ್ರೆಯಲ್ಲಿ ಕೊಡಬೇಕು, ಜೀವ ಇರುವವರೆಗೂ. ಬೆಳಿಗ್ಗೆ ಮತ್ತು ಮಧ್ಯಾಹ್ನ, ಊಟವಾದ ಮೇಲೆ.

ಮಾತ್ರೆ ಶುರುವಾದದ್ದೇ ವನಜ ಮೊದಲಿನ ವನಜಳಾದಳು. ಆ ವರ್ಷದ ಕಾರ್ತಿಕಕ್ಕೆ ನಮ್ಮಲ್ಲಿಗೆ ಬಂದಳು. ನಮ್ಮ ಕಾಲೊನಿಯ ತೆಲುಗು ಹೆಂಗಸರು ಕಾರ್ತಿಕ ಸೋಮವಾರ ನಕ್ಷತ್ರ ಕಾಣುವವರೆಗೆ ಏನೂ ಮುಟ್ಟುವುದಿಲ್ಲ.

"ನಾನೂ ಇರ್ತೀನಿ ಅತ್ತಿಗೆ. ಹುಷಾರಾದ್ರೆ ಉಪವಾಸ ಮಾಡ್ತೀನಿ ಅಂತ ಹರಕೆ ಹೊತ್ತಿದ್ದೆ."

"ಇರು ತಾಯಿ. ನಂಗೆ ಒಗ್ಗರಣೆ ವಾಸನೆ ಬಂದ್ರೆ ದೇವರೇ ಮರ್ತುಹೋಗ್ತಾನೆ. ನಿನ್ನ ಪುಣ್ಯದಲ್ಲೇ ಒಂಚೂರು ಕೊಡು."

ಮಧ್ಯಾಹ್ನ ಮಲಗಿದಳು. ಸಂಜೆ ವಾಂತಿಯಾಯಿತು. ಹಸಿವಿನ ಪಿತ್ತವೆಂದುಕೊಂಡೆ. ದೀಪ ಹಚ್ಚಲು ಎಬ್ಬಿಸಹೋದರೆ ಕೈ ತಣ್ಣಗಿತ್ತು, ಕಣ್ಣು ನಿಲ್ಲುತ್ತಿರಲಿಲ್ಲ.

"ವನಜಾ, ಮಾತ್ರೆ ತಗೊಂಡ್ಯಾ?"

"ಊಟ ಆದ್ಮೇಲೆ ಅಲ್ವಾ ಅತ್ತಿಗೆ ಅದು... ಇವತ್ತು ಊಟಾನೇ ಇಲ್ವಲ್ಲ."

ದೇವರ ಮಾತನ್ನೂ ಡಾಕ್ಟರ ಮಾತನ್ನೂ ಅವಳು ಮೀರಿರಲಿಲ್ಲ. ಎರಡನ್ನೂ ಪಾಲಿಸಿ ಸಾಯುವುದರಲ್ಲಿದ್ದಳು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಸಲೈನ್ ಏರಿಸಿ, ಬಿ.ಪಿ. ಮೇಲೇಳುವವರೆಗೂ ಡಾಕ್ಟರಮ್ಮ ಮಂಚದ ಪಕ್ಕದಿಂದ ಕದಲಲಿಲ್ಲ. ಆಮೇಲೆ ನನ್ನನ್ನು ಕೂರಿಸಿಕೊಂಡು ತಿಳಿಸಿದರು: ಊಟ ತಪ್ಪಿದರೂ ಈ ಮಾತ್ರೆ ತಪ್ಪಕೂಡದು, ಜ್ವರ ಬಂದಾಗ ಹೆಚ್ಚು ಬೇಕು, ಎಷ್ಟೆಂದು ಮೊದಲೇ ಕೇಳಿಟ್ಟುಕೊಳ್ಳಬೇಕು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯದೆ ಇಂಜೆಕ್ಷನ್.

ಕಣ್ಣು ಬಿಟ್ಟ ವನಜ ಅತ್ತಳು. "ಹರಕೆ ಅರ್ಧಕ್ಕೇ ನಿಂತ್ಹೋಯ್ತು ಅತ್ತಿಗೆ."

"ಶಿವುಡು ಅಡಿಗಾಡಾ ನಿನ್ನು?" ಎಂದು ಡಾಕ್ಟರಮ್ಮ ಗದರಿದರು. ಶಿವ ಬಂದು ಕೇಳಿದನೇ ನಿನ್ನನ್ನು ಎಂದು. ಅವರ ಹಣೆಯಲ್ಲೂ ಬೆಳಗಿನ ವಿಭೂತಿ ಇನ್ನೂ ಇತ್ತು. ವನಜಳ ಅಳು ನಿಲ್ಲಲಿಲ್ಲ.

"ಅಳಬೇಡ್ವೇ. ಇನ್ಮೇಲೆ ನಿನ್ನ ಬದಲು ಉಪವಾಸ ನಾನಿರ್ತೀನಿ" ಎಂದುಬಿಟ್ಟೆ.

"ನೀವಾ?" ಎಂದಳು. ಸಲೈನಿನ ಸೂಜಿ ಕೈಯಲ್ಲಿದ್ದಂತೆಯೇ ನಕ್ಕಳು.

ಇವತ್ತೂ ಕಾರ್ತಿಕ ಸೋಮವಾರ. ಮಧ್ಯಾಹ್ನ ವಿಜಯವಾಡದಿಂದ ಫೋನ್ ಬಂತು. "ಅತ್ತಿಗೆ, ಉಂಡೆ. ಮಾತ್ರೇನೂ ನುಂಗ್ದೆ."

ಹೊಟ್ಟೆ ಚುರುಗುಟ್ಟುತ್ತಿತ್ತು. "ಏನೇನು ಮಾಡಿದ್ದೆ?" ಎಂದು ಕೇಳಿದೆ. ಗೋಂಗೂರ ಪಪ್ಪು, ಬೆಂಡೆಕಾಯಿ ಪಲ್ಯ, ತಿಳಿಸಾರು, ಮೊಸರು ಎಂದು ಅವಳು ನಿಧಾನವಾಗಿ ಹೇಳುತ್ತ ಹೋದಳು. ನಾನು ಗೋಡೆಗೊರಗಿ, ಕಣ್ಣು ಮುಚ್ಚಿಕೊಂಡು, ಒಂದನ್ನೂ ಬಿಡದೆ ಕೇಳಿಸಿಕೊಂಡೆ.