ಕೊನೆಯ ಪುಟದ ಕೆಳಗಿನ ಸಾಲು

ಮೊನ್ನೆ ಮಂಗಳೂರಿನ ಮಣ್ಣಗುಡ್ಡದ ಗ್ಯಾರೇಜೊಂದರ ಮುಂದೆ ಯಾರೋ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಯಂತ್ರದ ಭಾಗ ಒರೆಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಬೇಗಬೇಗ ರಸ್ತೆಯ ಆಚೆ ಬದಿಗೆ ದಾಟಿದೆ. ಬೇರೆಯವರಿಗೆ ಸೀಮೆಎಣ್ಣೆ ಎಂದರೆ ಹಳೆಯ ಸ್ಟವ್ ನೆನಪಾಗಬಹುದು. ನನಗೆ ಹಂಪನಕಟ್ಟೆಯ ಪ್ರೆಸ್, ಮಸಿಯ ರೋಲರ್ ತೊಳೆಯುತ್ತಿದ್ದ ನಮ್ಮ ಧಣಿ, ಮತ್ತೆ ಆ ಹೆದರಿಕೆ...

ನಾನು ಅಲ್ಲಿ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸಕ್ಕಿದ್ದೆ. ಧಣಿ ಬ್ಯಾರಿ ಮುಸ್ಲಿಂ ಮನೆತನದವರು. ಅಣ್ಣತಮ್ಮಂದಿರೆಲ್ಲ ಗಲ್ಫಿಗೆ ಹೋದರೂ ಇವರು ತಂದೆ ಹಾಕಿದ ಪ್ರೆಸ್ ಬಿಟ್ಟು ಕದಲಲಿಲ್ಲ. ಅವರದೊಂದು ಪದ್ಧತಿಯಿತ್ತು. ಯಾವ ಪುಸ್ತಕವಾದರೂ ಕೊನೆಯ ಪುಟದ ಕೆಳಗೆ ಪ್ರೆಸ್ಸಿನ ಹೆಸರಿನ ಸಾಲನ್ನು ಅವರೇ ಹಾಕಬೇಕು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ, "ಬಿಸ್ಮಿಲ್ಲಾ" ಎಂದು ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದರು. ನಮಗೆಲ್ಲ ಒಳಗೊಳಗೇ ನಗು.

ಒಂದು ಸರಕಾರಿ ಇಲಾಖೆ ಶಾಲೆಯ ಮಕ್ಕಳಿಗೆ ಕೊಡುವ ಪುಸ್ತಕಗಳೇ ನಮ್ಮ ಅನ್ನ. ಒಂದು ವರ್ಷ ಇಲಾಖೆ ಆ ಕೆಲಸವನ್ನು ವಿದೇಶಿ ಕಂಪನಿಗೆ ಕೊಟ್ಟುಬಿಟ್ಟಿತು. ಪುಸ್ತಕ ಹಡಗಿನಲ್ಲಿ ಬರುತ್ತದಂತೆ! ಕನ್ನಡದ ತಲೆಬುಡ ತಿಳಿಯದವರು ಅ ಆ ಇ ಈ ಅಚ್ಚು ಹಾಕುತ್ತಾರಂತೆ ಎಂದು ನಾವು ತಮಾಷೆ ಮಾಡಿದೆವು. ಮೆಷಿನ್ ನಿಂತ ಮೇಲೆ ತಮಾಷೆಯೂ ನಿಂತಿತು.

ಶಾಲೆ ಶುರುವಾಗುವ ಹೊತ್ತಿಗೆ ಆ ಕಂಪನಿಯ ಏಜೆಂಟ್ ನಮ್ಮಲ್ಲಿಗೇ ಬಂದ. ಅವರ ಪುಸ್ತಕ ತಯಾರಾಗಿರಲಿಲ್ಲ. ಒಂದಷ್ಟನ್ನು ಗುಟ್ಟಾಗಿ ಅಚ್ಚು ಹಾಕಿಕೊಡಬೇಕಿತ್ತು. ಬೇರೆಯವರಿಂದ ಮಾಡಿಸುವಂತಿಲ್ಲ ಎಂದು ಇಲಾಖೆಯ ಜೊತೆ ಕರಾರಿದೆ, ಹೊರಗೆ ಗೊತ್ತಾದರೆ ಕೇಸು ನಿಮ್ಮ ಮೇಲೂ ಬೀಳುತ್ತದೆ ಎಂದು ಅವನೇ ಹೆದರಿಸಿದ. ಧಣಿ ಒಮ್ಮೆ ನಮ್ಮೆಲ್ಲರ ಮುಖ ನೋಡಿ ಒಪ್ಪಿಕೊಂಡರು. ಶಟರ್ ಅರ್ಧ ಇಳಿಸಿ ಕೆಲಸ ಮುಗಿಸಿದೆವು.

ಲಾರಿ ಹೋದ ಮಾರನೆಯ ದಿನ, ಉಳಿದಿದ್ದ ಒಂದು ಪುಸ್ತಕವನ್ನು ಸುಮ್ಮನೆ ತಿರುವಿದೆ. ಕೊನೆಯ ಪುಟದ ಕೆಳಗೆ ನಮ್ಮ ಪ್ರೆಸ್ಸಿನ ಹೆಸರು, ಹಂಪನಕಟ್ಟೆ, ಮಂಗಳೂರು.

"ಧಣಿ, ಇದೆಂತ?" ಪುಸ್ತಕವನ್ನು ಅವರ ಮುಂದೆ ಹಿಡಿದೆ.

ರೋಲರ್ ಒರೆಸುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ಅವರು ಬಗ್ಗಿ ನೋಡಿದರು. "ಯಾ ಅಲ್ಲಾ... ನಾನೇ ಹಾಕಿದ್ದು ಮಾರಾಯ್ತಿ, ರಾತ್ರಿ ನೀನು ಮನೆಗೆ ಹೋದ ಮೇಲೆ. ಕೈ ತನ್ನಷ್ಟಕ್ಕೆ ಹಾಕಿಬಿಟ್ಟಿದೆ."

ಆಮೇಲಿನ ದಿನಗಳೆಲ್ಲ ಹೆದರಿಕೆಯಲ್ಲೇ ಕಳೆದವು. ರಸ್ತೆಯಲ್ಲಿ ಜೀಪು ನಿಂತರೆ ಎಲ್ಲರ ಮಾತೂ ನಿಲ್ಲುತ್ತಿತ್ತು. ಫೋನ್ ಬಡಿದುಕೊಂಡರೆ ಯಾರೂ ಎತ್ತುತ್ತಿರಲಿಲ್ಲ. ಧಣಿಗೆ ಊಟ ಸೇರದಾಯಿತು.

"ನನ್ನನ್ನು ಕರ್ಕೊಂಡು ಹೋದ್ರೆ ನೀವೆಲ್ಲ ಎಂತದೂ ಗೊತ್ತಿಲ್ಲ ಅಂತ ಹೇಳಿ, ಆಯ್ತಾ?" ಎಂದು ದಿನಾ ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ನನಗೂ ನನ್ನ ಭಯವೇ ದೊಡ್ಡದಾಗಿತ್ತು.

ಯಾರೂ ಬರಲಿಲ್ಲ. ಪುಸ್ತಕಗಳು ಮಕ್ಕಳ ಕೈ ಸೇರಿದವು, ಮಳೆಗಾಲ ಕಳೆಯಿತು, ಶಾಲೆಯ ವರ್ಷವೂ ಮುಗಿಯಿತು. ಇಲಾಖೆಯವರು, ಟೀಚರುಗಳು, ಕಂಪನಿಯವರು, ಯಾರ ಕಣ್ಣಿಗೂ ಆ ಸಾಲು ಬೀಳಲಿಲ್ಲ.

"ಬಚಾವಾದೆವು ಧಣಿ" ಎಂದೆ. ಅವರು ನಗಲಿಲ್ಲ.

"ಅಪ್ಪನ ಕಾಲದಿಂದ ಹಾಕ್ತಾ ಬಂದದ್ದು... ಹಾಗಾದ್ರೆ ಇಷ್ಟು ವರ್ಷ ಒಬ್ಬನೂ ಓದ್ಲೇ ಇಲ್ಲ ಅಲ್ವಾ?"

ಮರುವರ್ಷದ ಪುಸ್ತಕಗಳೂ ಹಡಗಿನಲ್ಲೇ ಬಂದವು. ಪ್ರೆಸ್ ಮುಚ್ಚಿತು, ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಧಣಿ ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು, ಮುಖ ನೋಡಲೂ ಸಿಗಲಿಲ್ಲ. ಅದು ನೆನಪಾದಾಗೆಲ್ಲ ಅಳು ಬರುತ್ತದೆ.

ಇಷ್ಟು ಬರೆದ ಮೇಲೆ, ಒಮ್ಮೆಯಾದರೂ ಯಾರಾದರೂ ಓದಲಿ ಎಂದು ಪ್ರೆಸ್ಸಿನ ಹೆಸರನ್ನೂ ಅವರ ಹೆಸರನ್ನೂ ಇಲ್ಲಿ ಹಾಕಲು ಆಸೆಯಾಯಿತು. ಬರೆದೆ, ಅಳಿಸಿದೆ. ಅವರ ಮಕ್ಕಳು ಈ ಊರಿನಲ್ಲೇ ಇದ್ದಾರೆ, ಆ ಹಳೆಯ ಕೇಸು ಅವರ ತಲೆಗೆ ಸುತ್ತಿಕೊಂಡರೆ? ನನ್ನ ಹೆದರಿಕೆ ಇನ್ನೂ ಹೋಗಿಲ್ಲ.