ಕಡ ಹೋದ ಪೀರಿಯಡ್

ಸೀಟಿ ಮೇಷ್ಟ್ರಿಗೆ ‘ಇಲ್ಲ’ ಎನ್ನಲು ಬಾರದು. ಗಂಟಲಿಗೇನೂ ಊನವಿಲ್ಲ. ಮೈದಾನದ ಈ ತುದಿಯಲ್ಲಿ ನಿಂತು ಗದರಿದರೆ ಆ ತುದಿಯ ಗೋಲ್ ಕಂಬದ ಮೇಲೆ ಕೂತ ಕಾಗೆ ಎದ್ದು ಹಾರುತ್ತದೆ. ಆದರೆ ಯಾರಾದರೂ ಎದುರಿಗೆ ಬಂದು ಏನಾದರೂ ಕೇಳಿದರೆ ಸಾಕು, ಅದೇ ಗಂಟಲು ಬೆಣ್ಣೆಯಾಗಿ, “ಅದಕ್ಕೇನಂತೆ, ತಗೊಳ್ಳಿ” ಎಂದುಬಿಡುತ್ತದೆ.

ಶಾಲೆಯಲ್ಲಿ ಈ ಗುಟ್ಟು ಗೊತ್ತಿಲ್ಲದವರು ಯಾರೂ ಇರಲಿಲ್ಲ. ವಿಜ್ಞಾನದವರ ಪಾಠ ಹಿಂದೆ ಬಿತ್ತೇ? ವ್ಯಾಕರಣದವರಿಗೆ ಜ್ವರ ಬಂದು ನಾಲ್ಕು ದಿನ ರಜೆಯಾಯಿತೇ? ಎಲ್ಲರೂ ಸೀದಾ ಮೈದಾನದ ಅಂಚಿಗೆ ಬಂದು, ಚಾಕ್‌ಪೀಸಿನ ಕೈಯನ್ನು ಒರೆಸಿಕೊಳ್ಳುತ್ತ, “ಮೇಷ್ಟ್ರೇ, ನಿಮ್ಮ ಪೀರಿಯಡ್ ಒಂದು ಕೊಡ್ತೀರಾ? ಆಟ ತಾನೇ, ನಾಳೆ ಆಡಿದ್ರಾಯ್ತು” ಎನ್ನುತ್ತಿದ್ದರು. ಆಗಷ್ಟೇ ಬೂಟಿನ ಲೇಸು ಬಿಗಿದುಕೊಂಡ ಮಕ್ಕಳು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಕ್ಲಾಸಿಗೆ ವಾಪಸಾಗುತ್ತಿದ್ದರು. ಮೇಷ್ಟ್ರು ಮೆಟ್ಟಿಲ ಕೆಳಗಿನ ತಮ್ಮ ಕೋಣೆಗೆ ಹೋಗಿ ಚೆಂಡುಗಳಿಗೆ ಗಾಳಿ ಹೊಡೆಯುತ್ತಿದ್ದರು. ಹಾಗಾಗಿ ಆ ಶಾಲೆಯ ಚೆಂಡುಗಳಲ್ಲಿ ಗಾಳಿ ಕಡಿಮೆಯಾದದ್ದೇ ಇಲ್ಲ. ಅವನ್ನು ಒದೆಯುವವರು ಮಾತ್ರ ಇರುತ್ತಿರಲಿಲ್ಲ.

ಹೀಗೆ ಕಡ ಪಡೆಯುವುದರಲ್ಲಿ ಎಲ್ಲರನ್ನೂ ಮೀರಿಸಿದವರು ಲೆಕ್ಕದ ಟೀಚರ್. ಆಗ ಅವರು ಕೆಲಸಕ್ಕೆ ಹೊಸಬರು, ಬೀಜಗಣಿತ ಎಂದರೆ ಪ್ರಾಣ, ಗಂಟೆ ಹೊಡೆದದ್ದು ಕಿವಿಗೆ ಬೀಳುತ್ತಿರಲಿಲ್ಲ. ಒಂದು ವರ್ಷವಿಡೀ ಕಡ ಪಡೆದರು. ವರ್ಷದ ಕೊನೆಗೆ ಒಂದು ದಿನ ಮೈದಾನಕ್ಕೆ ಬಂದು, “ಸರ್, ಇವತ್ತು ನನ್ನ ಪೀರಿಯಡ್ ನೀವು ತಗೊಳ್ಳಿ. ವಾಪಸ್ ಕೊಡೋಕೆ ಬಂದೆ” ಎಂದರು. ಮೇಷ್ಟ್ರು ದಂಗಾದರು. ಒಯ್ದವರು ಲೆಕ್ಕವಿಲ್ಲದಷ್ಟು ಮಂದಿ, ತಂದುಕೊಟ್ಟವರು ಇವರೊಬ್ಬರೇ. ಸಿಕ್ಕಿದ ಆ ಗಂಟೆಯಲ್ಲಿ ಏನು ಆಡಿಸಬೇಕೆಂದು ತೋಚದೆ ಮಕ್ಕಳನ್ನು ಮೈದಾನದ ಸುತ್ತ ಸುಮ್ಮನೆ ಓಡಿಸಿ, ತಾವು ಲೆಕ್ಕದ ಟೀಚರನ್ನೇ ನೋಡುತ್ತ ನಿಂತರು. ಮುಂದಿನ ವರ್ಷ ಇಬ್ಬರ ಮದುವೆಯಾಯಿತು. ಮದುವೆಯಾದ ಮೇಲೆ ಪೀರಿಯಡ್ ಒಯ್ಯುವುದು ನಡೆದೇ ಇತ್ತು, ವಾಪಸ್ ಕೊಡುವುದು ಅಲ್ಲಿಗೇ ನಿಂತಿತು.

ಇವೆಲ್ಲ ಹಳೆಯ ಮಾತು. ಈಗ ಮೇಷ್ಟ್ರ ಸೀಟಿ ಕೊರಳಿನಿಂದ ನೇರ ಇಳಿಬೀಳುವುದಿಲ್ಲ, ಹೊಟ್ಟೆಯ ಮೇಲೆ ಆರಾಮಾಗಿ ಕೂತಿರುತ್ತದೆ. ಮಗಳು ಅದೇ ಶಾಲೆಯಲ್ಲಿ ವಿಷಯ ಆರಿಸಿಕೊಳ್ಳುವ ತರಗತಿಗೆ ಬಂದಿದ್ದಾಳೆ. ಅದೇ ವರ್ಷ ಮೇಷ್ಟ್ರು ಕನಸಿನಲ್ಲೂ ಎಣಿಸದ ಸುದ್ದಿ ಬಂತು. ಮೇಲಿನ ತರಗತಿಯವರು ದೈಹಿಕ ಶಿಕ್ಷಣವನ್ನು ಪರೀಕ್ಷೆಯ ವಿಷಯವಾಗಿ ತೆಗೆದುಕೊಳ್ಳಬಹುದು. ಅದಕ್ಕೆ ಪುಸ್ತಕವುಂಟು, ಪ್ರಾಯೋಗಿಕ ಪರೀಕ್ಷೆಯುಂಟು, ಪಾಸಾದವರಿಗೆ ಪ್ರಮಾಣಪತ್ರವೂ ಉಂಟು.

ಆದರೆ ಎರಡು ಕೊಕ್ಕೆ ಇದ್ದವು. ಮೊದಲನೆಯದು, ಹತ್ತು ಮಕ್ಕಳಾದರೂ ಸೇರದಿದ್ದರೆ ವಿಷಯ ತೆರೆಯುವುದಿಲ್ಲ. ಹಾಗಾದರೆ ಮೇಷ್ಟ್ರು ಸಂಜೆ ಮಕ್ಕಳನ್ನು ಬಸ್ಸಿಗೆ ಸಾಲು ನಿಲ್ಲಿಸಿಕೊಂಡು ಇರಬಹುದು ಎಂದು ಹೆಡ್‌ಮಿಸ್ ನಗುತ್ತಲೇ ಹೇಳಿದ್ದರು. ಎರಡನೆಯದು ಇನ್ನೂ ಗಟ್ಟಿ ಕೊಕ್ಕೆ. ದೈಹಿಕ ಶಿಕ್ಷಣ ತೆಗೆದುಕೊಂಡವರಿಗೆ ಹೆಚ್ಚುವರಿ ಗಣಿತ ಇಲ್ಲ, ಇದು ಬೇಕೋ ಅದು ಬೇಕೋ ಎಂದು ಆರಿಸಿಕೊಳ್ಳಬೇಕು. ಹೆಚ್ಚುವರಿ ಗಣಿತ ಯಾರದ್ದೆಂದು ಹೇಳಬೇಕಿಲ್ಲ.

ಮೇಷ್ಟ್ರು ಮಾತ್ರ ಹೊಸ ಮದುಮಗನ ಹಾಗೆ ಓಡಾಡಿದರು. ಪ್ರಯೋಗಾಲಯದವರು ಬೇಡವೆಂದು ಮೂಲೆಗೆ ತಳ್ಳಿದ್ದ ಪ್ಲಾಸ್ಟಿಕ್ ಅಸ್ಥಿಪಂಜರವನ್ನು ಹೊತ್ತು ತಂದು, ಧೂಳು ಒರೆಸಿ, ತಮ್ಮ ಕೋಣೆಯ ಗೂಟಕ್ಕೆ ನೇತುಹಾಕಿದರು. ಮಕ್ಕಳು ಅದಕ್ಕೆ ‘ಸಣ್ಣ ಮೇಷ್ಟ್ರು’ ಎಂದು ಹೆಸರಿಟ್ಟರು. ದೊಡ್ಡ ಮೇಷ್ಟ್ರು ಬೆಳಿಗ್ಗೆ ಗಡ್ಡ ಹೆರೆಯುವಾಗಲೂ ಮೂಳೆಗಳ ಹೆಸರು ಬಾಯಿಪಾಠ ಮಾಡತೊಡಗಿದರು.

“ಏನ್ರೀ ಅದು ಬೆಳಗ್ಗೆ ಬೆಳಗ್ಗೆ ಮಂತ್ರ?” ಎಂದರು ಲೆಕ್ಕದ ಟೀಚರ್, ಅಡುಗೆಮನೆಯಿಂದಲೇ.

“ಮಂಡಿಚಿಪ್ಪು.”

“ನಿಮ್ಮ ಮಂಡಿಚಿಪ್ಪು ಹೊಟ್ಟೆ ದಾಟಿ ನಿಮ್ಗೆ ಕಾಣುತ್ತಾ ಮೊದ್ಲು?”

ಮಗಳು ಹಲ್ಲುಜ್ಜುತ್ತ ನಕ್ಕು ಪೇಸ್ಟ್ ನುಂಗಿದಳು. ಅವಳ ವಿಷಯವನ್ನೂ ಹೇಳಿಬಿಡಬೇಕು. ಸೀಟಿ ಮೇಷ್ಟ್ರ ಮಗಳಾಗಿ ಹುಟ್ಟಿದ್ದರೂ ಓಟಕ್ಕೂ ಅವಳಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಒಮ್ಮೆ ಓಟದ ಸ್ಪರ್ಧೆಯಲ್ಲಿ ಎಷ್ಟು ಹಿಂದೆ ಬಿದ್ದಳೆಂದರೆ, ಮುಂದಿನ ಸ್ಪರ್ಧೆಯವರ ಜೊತೆ ಗುರಿ ಮುಟ್ಟಿದಳು. ಅದರಲ್ಲೂ ಕೊನೆಯವಳೇ. ಲೆಕ್ಕ ಮಾತ್ರ ಅಮ್ಮನ ಹಾಗೆ ಬೆರಳ ತುದಿಯಲ್ಲಿತ್ತು. ಆದರೂ ಮೇಷ್ಟ್ರಿಗೆ ಒಳಗೊಳಗೇ ಆಸೆ. ಮಗಳು ತಮ್ಮ ವಿಷಯ ತೆಗೆದುಕೊಂಡರೆ ಅವಳ ಗೆಳತಿಯರೂ ಬರುತ್ತಾರೆ ಎಂದು ಹೊರಗೆ ಲೆಕ್ಕ ಹಾಕಿದರೂ, ನಿಜವಾದ ಆಸೆ ಬೇರೆಯಿತ್ತು. ತಮ್ಮ ಪಾಠವನ್ನು ತಮ್ಮ ಮಗು ಒಮ್ಮೆ ಬೆಂಚಿನ ಮೇಲೆ ಕೂತು ಕೇಳಬೇಕು, ಅಷ್ಟೆ. ಅದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ‘ಇಲ್ಲ’ ಎನ್ನಲು ಬಾರದವರಿಗೆ ‘ಕೊಡು’ ಎನ್ನಲೂ ಬಾರದು.

ವಿಷಯ ಆರಿಸುವ ಹಿಂದಿನ ದಿನ ಮಕ್ಕಳನ್ನೆಲ್ಲ ದೊಡ್ಡ ಹಾಲ್‌ನಲ್ಲಿ ಕೂರಿಸಿ, ಪ್ರತಿ ಶಿಕ್ಷಕರೂ ತಮ್ಮ ವಿಷಯದ ಬಗ್ಗೆ ಹತ್ತು ನಿಮಿಷ ಮಾತಾಡುವುದೆಂದು ಗೊತ್ತಾಯಿತು. ಮೇಷ್ಟ್ರು ಭಾಷಣ ಬರೆದು, ವಾರವಿಡೀ ಸಣ್ಣ ಮೇಷ್ಟ್ರ ಮುಂದೆ ಹೇಳಿ ಹೇಳಿ ಪಳಗಿದರು. ಆ ದಿನ ಅಂಗಿಗೆ ಇಸ್ತ್ರಿ ಹಾಕಿಸಿ, ಸೀಟಿಗೂ ಪಾಲಿಷ್ ಮಾಡಿ, ವೇದಿಕೆಯ ಬದಿಯ ಕುರ್ಚಿಯಲ್ಲಿ ಕೂತರು. ಅವರದ್ದೇ ಕೊನೆಯ ಸರದಿ. ಅವರಿಗಿಂತ ಮುಂಚೆ ಲೆಕ್ಕದ ಟೀಚರ್.

ಟೀಚರ್ ಒಂದು ಸೊಗಸಾದ ಲೆಕ್ಕವನ್ನು ಬೋರ್ಡಿಗೆ ಹಾಕಿ ಬಿಡಿಸತೊಡಗಿದರು. ಲೆಕ್ಕ ಅರ್ಧಕ್ಕೆ ಬಂದಿತ್ತು, ಅವರ ಹತ್ತು ನಿಮಿಷ ಮುಗಿಯಿತು. ಅವರು ಬೋರ್ಡಿನಿಂದ ಕಣ್ಣು ಕೀಳದೆ, ಇಷ್ಟು ವರ್ಷದ ಅದೇ ದನಿಯಲ್ಲಿ, “ಮೇಷ್ಟ್ರೇ, ನಿಮ್ಮ ಟೈಮ್ ಸ್ವಲ್ಪ ಕೊಡ್ತೀರಾ?” ಎಂದರು.

ಮೇಷ್ಟ್ರು ಅದೇ ಹಳೆಯ ದನಿಯಲ್ಲಿ, “ಅದಕ್ಕೇನಂತೆ, ತಗೊಳ್ಳಿ” ಎಂದರು.

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಏಕೆ ನಗುತ್ತಿದ್ದಾರೆಂದು ಟೀಚರಿಗೂ ತಿಳಿಯಲಿಲ್ಲ, ಮೇಷ್ಟ್ರಿಗೂ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಲೆಕ್ಕ ಚೊಕ್ಕವಾಗಿ ಮುಗಿದಿತ್ತು, ಗಂಟೆ ಹೊಡೆದಿತ್ತು, ಮಕ್ಕಳು ಬ್ಯಾಗು ಎತ್ತಿಕೊಳ್ಳುತ್ತಿದ್ದರು. ಮೇಷ್ಟ್ರು ಎದ್ದು ನಿಂತು ಮೈಕಿಗೆ ಒಂದು ನಮಸ್ಕಾರ ಹೇಳಿ ಕೂತರು. ಭಾಷಣ ಜೇಬಿನಲ್ಲೇ ಬೆವರಿತು.

ಸಂಜೆ ಮನೆಯಲ್ಲಿ ಟೀಚರ್ ಟೀಗೆ ಎರಡು ಸಲ ಸಕ್ಕರೆ ಹಾಕಿದರು. ಮೇಷ್ಟ್ರು ಅದನ್ನೇ ಕುಡಿದರು. ಹೆಂಡತಿಯ ಮೇಲೆ ಅವರಿಗೆ ಸಿಟ್ಟು ಬಂದಿರಲಿಲ್ಲ. ತಮ್ಮ ಮೇಲೇ ಬಂದಿತ್ತು, ಜೊತೆಗೆ ಅಳುವೂ ಬಂದಿತ್ತು.

“ಅಪ್ಪ,” ಎಂದಳು ಮಗಳು, “ಅಮ್ಮ ಕೇಳಿದ್ಳು, ಸರಿ. ನೀನ್ಯಾಕೆ ಕೊಟ್ಟೆ?”

“ಅಭ್ಯಾಸ ಕಣಮ್ಮ.”

“ನಾಳೆ ನಾನು ಆರಿಸ್ಕೋಬೇಕು. ನಿನ್ನ ಸಬ್ಜೆಕ್ಟಿಗೆ ಬಾ ಅಂತ ಒಂದು ದಿನಾನಾದ್ರೂ ಕೇಳಿದ್ಯಾ ನನ್ನ?”

ಮೇಷ್ಟ್ರು ಲೋಟದ ತಳ ನೋಡಿದರು. “ನಿಂಗೆ ಲೆಕ್ಕ ಚೆನ್ನಾಗಿ ಬರುತ್ತಲ್ಲಮ್ಮ...”

“ನಾನು ಕೇಳಿದ್ದು ಅದಲ್ಲ,” ಎಂದು ಅವಳು ಎದ್ದು ಹೋದಳು. ಟೀಚರ್ ಒಲೆಯ ಕಡೆ ಮುಖ ಮಾಡಿ ಎಲ್ಲವನ್ನೂ ಕೇಳಿಸಿಕೊಂಡರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಕೋಣೆಯಲ್ಲಿ ಕೂತು, ಗಾಳಿ ತುಂಬಿದ ಚೆಂಡಿಗೇ ಮತ್ತೆ ಗಾಳಿ ತುಂಬುತ್ತಿದ್ದರು. ಬಾಗಿಲಲ್ಲಿ ಲೆಕ್ಕದ ಟೀಚರ್ ನಿಂತಿದ್ದರು. ಮಗಳ ತರಗತಿಯಲ್ಲಿ ಮೊದಲ ಪೀರಿಯಡ್ ಅವರದ್ದು. ಆ ತರಗತಿ ವಿಷಯ ಆರಿಸುವುದು ಎರಡನೆಯದರಲ್ಲಿ.

“ಸರ್, ನನ್ನ ಪೀರಿಯಡ್ ನೀವು ತಗೊಳ್ಳಿ,” ಎಂದರು ಟೀಚರ್. ಆಮೇಲೆ ಚಾಕ್‌ಪೀಸನ್ನು ಅವರ ಕೈಗಿಟ್ಟು, “ತಡ ಆಯ್ತು ರೀ” ಎಂದಷ್ಟೇ ಹೇಳಿದರು.

ಮೇಷ್ಟ್ರು ಕ್ಲಾಸಿಗೆ ಹೋಗಿ ಭಾಷಣದ ಹಾಳೆ ತೆಗೆದರು. ಬೆವರಿಗೆ ಶಾಯಿಯೆಲ್ಲ ಹರಡಿ ಕೂತಿತ್ತು. ಮಡಚಿ ಒಳಗಿಟ್ಟರು. “ಎಲ್ಲರೂ ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. ಏನಾದ್ರೂ ಬಡಿತಾ ಇದ್ಯಾ?” ಎಂದರು. ಕ್ಲಾಸು ತನ್ನ ನಾಡಿಯನ್ನು ತಾನೇ ಹುಡುಕುತ್ತ ಗಪ್‌ಚಿಪ್ಪಾಯಿತು. ಆಮೇಲೆ ಮೈದಾನಕ್ಕೆ ಒಂದು ಸುತ್ತು ಓಡಿಸಿ ಕರೆತಂದು ಮತ್ತೆ ಬೆರಳಿಡಲು ಹೇಳಿದರು. ಅದೇಕೆ ಜೋರಾಯಿತು, ಯಾರದ್ದು ಬೇಗ ಇಳಿಯುತ್ತದೆ, ಏಕೆ ಇಳಿಯುತ್ತದೆ ಎಂದು ಹೇಳುತ್ತ ಹೋದರು. ಮಗಳು ಕೊನೆಯವಳಾಗಿ ಏದುಸಿರು ಬಿಡುತ್ತ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಎಲ್ಲವನ್ನೂ ಕೇಳಿದಳು.

ಗಂಟೆ ಹೊಡೆಯಲು ಇನ್ನು ಸ್ವಲ್ಪವೇ ಹೊತ್ತಿತ್ತು. ಮೇಷ್ಟ್ರು ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಮಕ್ಕಳೇ, ನಾನು ಇಲ್ಲೀವರೆಗೂ ಯಾರ ಹತ್ರಾನೂ ಏನೂ ಕೇಳಿದವನಲ್ಲ. ಇವತ್ತು ಕೇಳ್ತೀನಿ. ನನ್ನ ಪಾಠಕ್ಕೆ ಬನ್ನಿ. ನನಗೆ ನೀವು ಬೇಕು.” ಕಣ್ಣು ಹಿಂದಿನ ಬೆಂಚಿಗೆ ಹೋಯಿತು. “ನೀನೂ ಬಾಮ್ಮ.”

ಬೇಕಾದ್ದಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಒಬ್ಬ ಕೈ ಎತ್ತಿಕೊಂಡೇ, “ಸರ್, ಇದ್ರಲ್ಲಿ ಓದೋದು ಇರಲ್ಲ ತಾನೇ?” ಎಂದ.

“ಇನ್ನೂರಾರು ಮೂಳೆ ಇದೆಯಪ್ಪ.”

ಅವನದ್ದೂ ಅವನ ಪಕ್ಕದವನದ್ದೂ ಕೈ ಇಳಿಯಿತು. ಆದರೂ ಹತ್ತಕ್ಕೆ ಕೊರತೆಯಾಗಲಿಲ್ಲ. ಮಗಳ ಕೈ ಮಾತ್ರ ಏಳಲೇ ಇಲ್ಲ.

ಸಂಜೆ ಮನೆಗೆ ನಡೆಯುವಾಗ ಅವಳು ಅಪ್ಪನ ಬ್ಯಾಗನ್ನು ತಾನೇ ಹೊತ್ತುಕೊಂಡಳು. “ನಂಗೆ ಲೆಕ್ಕಾನೇ ಇಷ್ಟ ಅಪ್ಪ. ಇಲ್ಲ ಅಂದೆ ಅಂತ ಬೇಜಾರಾ?”

ಮೇಷ್ಟ್ರಿಗೆ ಬೇಜಾರಾಗಿತ್ತು, ಸುಳ್ಳೇಕೆ. ಆದರೆ ‘ಇಲ್ಲ’ ಎಂದ ಮೇಲೂ ಮಗಳು ಪಕ್ಕದಲ್ಲೇ ನಡೆಯುತ್ತಿದ್ದಳು, ಆಕಾಶ ಕಳಚಿ ಬಿದ್ದಿರಲಿಲ್ಲ. ಇದು ಅವರಿಗೆ ಈ ವಯಸ್ಸಿಗೆ ಹೊಸ ಪಾಠ. “ಸ್ವಲ್ಪ,” ಎಂದರು.

“ಕೇಳಿದ್ಯಲ್ಲ, ನಂಗದು ಬೇಕಿತ್ತು,” ಎಂದು ಅವಳು ಅವರ ತೋಳು ಹಿಡಿದಳು.

ಹೊಸ ವಿಷಯದ ಮೊದಲ ಪಾಠ ಮುಂದಿನ ವಾರ ಮೆಟ್ಟಿಲ ಕೆಳಗಿನ ಕೋಣೆಯಲ್ಲೇ ಶುರುವಾಯಿತು. ಚೆಂಡಿನ ಚೀಲಗಳ ಮೇಲೆ ಮಕ್ಕಳು ಕೂತಿದ್ದರು, ಸಣ್ಣ ಮೇಷ್ಟ್ರು ಗೂಟದಲ್ಲಿ ಹಲ್ಲು ಕಿರಿಯುತ್ತಿದ್ದರು. ದೊಡ್ಡ ಮೇಷ್ಟ್ರು ಬಾಯಿ ತೆರೆಯಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಚಾಕ್‌ಪೀಸಿನ ಕೈ ಕಾಣಿಸಿತು.

“ಮೇಷ್ಟ್ರೇ, ಇವರದ್ದು ಮಾಮೂಲಿ ಲೆಕ್ಕದಲ್ಲಿ ರೇಖಾಗಣಿತ ಒಂಚೂರು ಉಳಿದಿದೆ. ನಿಮ್ಮ ಪೀರಿಯಡ್ ಕೊಡ್ತೀರಾ?”

ಮಕ್ಕಳಾಗಲೇ ಹರಳೆಣ್ಣೆಯ ಮುಖ ಮಾಡಿಕೊಂಡು ಬ್ಯಾಗಿಗೆ ಕೈ ಹಾಕಿದ್ದರು. ಮೇಷ್ಟ್ರ ತುಟಿಯ ತನಕ ‘ಅದಕ್ಕೇನಂತೆ’ ಬಂದು ನಿಂತಿತ್ತು. ಅವರು ಅದನ್ನು ನುಂಗಿದರು.

“ಇಲ್ಲ ಟೀಚರ್.”

ಟೀಚರ್ ತಮ್ಮ ಕಿವಿಯನ್ನೇ ನಂಬದವರಂತೆ ಅವರನ್ನು ನೋಡಿದರು. ಆಮೇಲೆ ಮುಖ ಅರಳಿತು. “ಸರಿ ಸರ್,” ಎಂದು ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದುಕೊಂಡು ಹೋದರು.

ಪಾಠ ನಾಡಿಯದ್ದೇ. ಮುಂದೆ ಕೂತಿದ್ದ ಹುಡುಗಿಗೆ ತನ್ನ ನಾಡಿ ಸಿಗಲಿಲ್ಲ. ಮೇಷ್ಟ್ರು ತಮ್ಮ ಕೈಯನ್ನೇ ಚಾಚಿದರು. ಅವಳು ಎರಡು ಬೆರಳಿಟ್ಟು, ಕಣ್ಣರಳಿಸಿ, “ಸರ್, ನೀವು ಓಡೇ ಇಲ್ಲ, ಇಷ್ಟು ಜೋರಾಗಿ ಬಡೀತಿದೆ?” ಎಂದಳು.

“ಇಲ್ಲ ಅಂದೆನಲ್ಲಮ್ಮ, ಅದಕ್ಕೆ,” ಎಂದರು ಸೀಟಿ ಮೇಷ್ಟ್ರು. “ಬೆರಳು ತೆಗೀಬೇಡ, ಇಳಿಯೋವರೆಗೂ ಎಣಿಸು.”