ಉಜ್ಜಿದ ನಾಲಿಗೆ

ಹಿರಿಯರ ಮುಂದೆ ನಾಲಿಗೆ ಚಾಚಬಾರದೆಂದು ಧಾರವಾಡದಲ್ಲಿ ಏಟು ತಿಂದು ಕಲಿತವನು ನಾನು. ಅರವತ್ತೆಂಟರ ವಯಸ್ಸಿನಲ್ಲಿ, ನಾವೀಗ ನೆಲೆಸಿರುವ ಗ್ಲೆನ್ ವೇವರ್ಲಿಯ ಚೀನೀ ವೈದ್ಯೆಯೊಬ್ಬರ ಮುಂದೆ ಅದನ್ನೇ ಮಾಡಬೇಕಾಯಿತು. ಎರಡು ತಿಂಗಳಿಂದ ಹಸಿವೇ ಇರಲಿಲ್ಲ. ಜಿಪಿ ಡಾಕ್ಟರು ಮಾಡಿಸಿದ ಪರೀಕ್ಷೆಗಳೆಲ್ಲ ನಾರ್ಮಲ್. ಕೊನೆಗೆ ಮಗಳೇ ಸಿಡ್ನಿಯ ರೌಸ್ ಹಿಲ್‌ನಿಂದ ಅಪಾಯಿಂಟ್‌ಮೆಂಟ್ ಬುಕ್ ಮಾಡಿದಳು.

ವೈದ್ಯರ ಬಳಿ ಹೋಗುವಾಗ ಇಸ್ತ್ರಿ ಅಂಗಿ ತೊಡುವ ಜನ ನಾವು. ನಾಲಿಗೆ ನೋಡುತ್ತಾರೆಂದು ಗೊತ್ತಿದ್ದರಿಂದ ತಾಮ್ರದ ಪಟ್ಟಿಯಿಂದ ಎರಡು ಸಲ ಹೆಚ್ಚಿಗೇ ಉಜ್ಜಿಕೊಂಡು ಹೋದೆ. ಆಕೆ ನಾಲಿಗೆ ನೋಡಿ, ಮೂರು ಬೆರಳಿಟ್ಟು ನಾಡಿ ಹಿಡಿದು, ಹೊಟ್ಟೆ ಒಣಗಿದೆ ಎಂದರು. ಕುದಿಸಿ ಕುಡಿಯಲು ಬೇರು, ಕಿತ್ತಳೆ ಸಿಪ್ಪೆ, ಮೊಳಕೆ ಬಂದ ಬಾರ್ಲಿ ಕಟ್ಟಿಕೊಟ್ಟರು. ಅವರ ಶಾಸ್ತ್ರದಲ್ಲಿ ಜೀರ್ಣದ ಯಜಮಾನಿಕೆ ಗುಲ್ಮದ್ದಂತೆ, ಅಂದರೆ ಸ್ಪ್ಲೀನಿನದು. ನಮ್ಮಲ್ಲಿ ಅದು ಜಠರಾಗ್ನಿಯದು. ಎರಡು ಇಲಾಖೆಗಳ ನಡುವೆ ನನ್ನ ಫೈಲು ಸಿಕ್ಕಿಕೊಂಡಿತು.

ಮರುವಾರ ಒಳ್ಳೆಯ ಅಂಕ ಬರಲೆಂದು ಇನ್ನೂ ಜೋರಾಗಿ ಉಜ್ಜಿದೆ. ವೈದ್ಯೆ ಗಾಬರಿಯಾದರು. ನಾಲಿಗೆ ಉಜ್ಜುತ್ತೀರಾ ಎಂದು ಕೇಳಿದರು. ದಿನಾ ಎಂದೆ, ಹೆಮ್ಮೆಯಿಂದ. "ನಾಲಿಗೆಯ ಮೇಲೆ ನಾನು ಓದಬೇಕಾದ ಲೇಪವನ್ನೆಲ್ಲ ಒರೆಸಿಕೊಂಡು ಬಂದಿದ್ದೀರಿ," ಎಂದು ನಕ್ಕು, ಮೂರು ದಿನ ಉಜ್ಜದೆ ಬರಲು ಹೇಳಿದರು.

ಆ ಮೂರು ದಿನ ಮೈಲಿಗೆಯವನಂತೆ ಓಡಾಡಿದೆ. ಮೂರನೆಯ ಭೇಟಿಗೆ ಹೆಂಡತಿ ಶಾಂತಾ ಜೊತೆಗೆ ಬಂದಳು. ವೈದ್ಯೆ ನನ್ನ ನಾಲಿಗೆಗಿಂತ ಅವಳ ಮುಖವನ್ನೇ ಹೆಚ್ಚು ನೋಡಿ, "ಇವರು ಊಟ ಮಾಡುತ್ತಾರಾ?" ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲ ಶಾಂತಾ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು: "ನೀವು ಎರಡು ತುತ್ತು ತಿಂದು ಏಳ್ತೀರಿ. ಆಮ್ಯಾಲೆ ನನಗ ಗಂಟಲದಾಗ ಇಳಿಯೂದಿಲ್ರಿ."

ಅದನ್ನು ವೈದ್ಯೆಗೆ ಅನುವಾದಿಸಿ ಹೇಳಬೇಕಾದವನು ನಾನೇ. ಇಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಈ ಸಲ ಮನೆಗೆ ಎರಡು ಪೊಟ್ಟಣ ಬಂದವು, ಒಂದು ಅವಳಿಗೆ. ಅಂದು ಸಂಜೆ ಹಸಿವಿಲ್ಲದಿದ್ದರೂ ಹಸಿವೆಂದು ಸುಳ್ಳು ಹೇಳಿ ಇನ್ನೊಂದು ರೊಟ್ಟಿ ಕೇಳಿದೆ. ಅವಳೂ ಒಂದು ಹಾಕಿಕೊಂಡಳು. ಮರುದಿನ ತನಗೇ ಹಸಿವೆಂದು ಅವಳು ನನ್ನನ್ನು ಬೇಗ ಎಬ್ಬಿಸಿ ತಿಂಡಿಗೆ ಕೂರಿಸಿದಳು. ಅದೂ ಸುಳ್ಳೇ ಇರಬೇಕು. ಕಷಾಯವನ್ನೂ ಬಿಡಲಿಲ್ಲ.

ಯಾವುದು ಕೆಲಸ ಮಾಡಿತು ಎಂದು ಮಗಳು ಫೋನಿನಲ್ಲಿ ಕೇಳುತ್ತಾಳೆ. ಕಿತ್ತಳೆ ಸಿಪ್ಪೆಯೋ, ಗುಲ್ಮವೋ, ಸುಳ್ಳೋ, ನನಗೆ ತಿಳಿಯದು. ನಿನ್ನೆ ಬುಟ್ಟಿಯಲ್ಲಿ ಉಳಿದ ಒಂದೇ ರೊಟ್ಟಿಗೆ ಇಬ್ಬರೂ ಕೈ ಹಾಕಿದೆವು. ಇಬ್ಬರೂ ಬಿಟ್ಟುಕೊಡಲಿಲ್ಲ.